ಒಸಡು ಕತ್ತರಿಸಿಕೊಳ್ಳುವ ಮೊದಲು ಬಿಪಿ ಮಾತ್ರೆಯ ಸ್ಟ್ರಿಪ್ ನೋಡಿ

ಬಿಪಿಯ ಮಾತ್ರೆ ಅಮ್ಲೋಡಿಪಿನ್ ಶುರುಮಾಡಿ ಎರಡು ಮೂರು ತಿಂಗಳಾಗಿರುತ್ತದೆ. ಕೆಲವರಿಗೆ ಮುಂದಿನ ಹಲ್ಲುಗಳ ಸಂದಿಯಲ್ಲಿ ಒಸಡು ಗುಂಡಗೆ ಉಬ್ಬುತ್ತದೆ. ನೋವಿಲ್ಲವಲ್ಲ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಕ್ತ ಬಂದಾಗ ಪೇಸ್ಟ್ ಬದಲಾಗುತ್ತದೆ, ಆಮೇಲೆ ಕ್ಲೀನಿಂಗ್, ಆಂಟಿಬಯಾಟಿಕ್. ಅರ್ಧ ಹಲ್ಲು ಮುಚ್ಚಿದ ಮೇಲೆ ಒಸಡು ಕತ್ತರಿಸುತ್ತಾರೆ. ಮಾತ್ರೆ ಹಾಗೇ ನಡೆದಿದ್ದರೆ ಅದು ಮತ್ತೆ ಬೆಳೆಯಬಹುದು. ಹಣವೂ ದಂಡ, ನೋವೂ ದಂಡ. ‘ಬಿಪಿಗೆ ಯಾವ ಮಾತ್ರೆ?’ ಎಂಬ ಪ್ರಶ್ನೆ ಮೊದಲೇ ಬರಬೇಕಿತ್ತು.

ಇನ್ನೊಂದು ಬಿಪಿ ಮಾತ್ರೆ ನಿಫೆಡಿಪಿನ್‌ನಲ್ಲಿ ಒಸಡಿನ ಈ ಬೆಳವಣಿಗೆ ಹೆಚ್ಚು, ಅಮ್ಲೋಡಿಪಿನ್‌ನಲ್ಲಿ ಕಡಿಮೆ. ಆದರೆ ಅಮ್ಲೋಡಿಪಿನ್ ನುಂಗುವವರೇ ಬಹಳ ಮಂದಿ. ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಔಷಧಿಯ ಜೊತೆ ಸೇರಿಸಿದ ಒಂದೇ ಮಾತ್ರೆಯಲ್ಲೂ ಅಮ್ಲೋಡಿಪಿನ್ ಇರುತ್ತದೆ. ಬ್ರ್ಯಾಂಡ್ ಹೆಸರಿನ ಕೊನೆಗೆ ‘ಎಎಂ’ ಎಂದಿದ್ದರೆ ಸ್ಟ್ರಿಪ್ ಹಿಂಬದಿಯ ಸಣ್ಣ ಅಕ್ಷರ ಓದಿ. ಅಪಸ್ಮಾರದ ಫೆನಿಟಾಯಿನ್, ಕಿಡ್ನಿ ಕಸಿಯಾದವರ ಸೈಕ್ಲೋಸ್ಪೊರಿನ್ ಕೂಡ ಹೀಗೇ ಮಾಡುತ್ತವೆ. ಸೈಕ್ಲೋಸ್ಪೊರಿನ್ ಜೊತೆಗೆ ನಿಫೆಡಿಪಿನ್ ಸೇರಿದರೆ ಬೆಳವಣಿಗೆ ಇನ್ನೂ ಜೋರು.

ಒಸಡಿನಲ್ಲಿ ಹಳೆಯ ಕೊಲ್ಯಾಜನ್ (ನಾರಿನಂಥ ಪ್ರೋಟೀನ್) ಕರಗುತ್ತ, ಹೊಸದು ಹುಟ್ಟುತ್ತ ಇರಬೇಕು. ಈ ಔಷಧಿಗಳು ಕರಗುವ ಕೆಲಸವನ್ನು ಕುಗ್ಗಿಸುತ್ತವೆ, ನಾರು ತುಂಬಿಕೊಳ್ಳುತ್ತದೆ. ಹಲ್ಲಿನ ಬುಡದಲ್ಲಿ ಪಾಚಿ ಇದ್ದರೆ ಉರಿಯೂತ ಕೂಡಿ ಉಬ್ಬು ದೊಡ್ಡದಾಗುತ್ತದೆ. ಉಬ್ಬಿದ ಮೇಲೆ ಬ್ರಷ್ ಒಳಗೆ ಹೋಗದೆ ಪಾಚಿ ಇನ್ನೂ ಕೂರುತ್ತದೆ.

ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಬಿಪಿ ಏರಿ ಪಾರ್ಶ್ವವಾಯು ಆದರೆ ಒಸಡಿನ ಮಾತೇ ಉಳಿಯುವುದಿಲ್ಲ. ಬರೆದುಕೊಟ್ಟ ಡಾಕ್ಟರಿಗೆ ಒಸಡು ತೋರಿಸಿ, ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್‌ನಂಥದಕ್ಕೆ ಬದಲಾಯಿಸಬಹುದೇ ಕೇಳಿ. ಗರ್ಭಿಣಿಯರಿಗೆ ಇವು ಸಲ್ಲವು. ಕಿಡ್ನಿ ತೊಂದರೆಯಿದ್ದರೆ ರಕ್ತಪರೀಕ್ಷೆ ನೋಡಿಯೇ ನಿರ್ಧಾರ.

ಜೊತೆಗೇ ಹಲ್ಲಿನ ಡಾಕ್ಟರ ಬಳಿ ಬೇರಿನವರೆಗೆ ಕ್ಲೀನಿಂಗ್ ಆಗಲಿ. ಅವರು ಹೇಳಿದರೆ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ 10 ಎಂಎಲ್, ದಿನಕ್ಕೆರಡು ಸಲ, ಅರ್ಧ ನಿಮಿಷ ಮುಕ್ಕಳಿಸಿ. ತಿಂಗಳುಗಟ್ಟಲೆ ಎಳೆದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಸಂದಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಬೇಕೇ ಬೇಕು. ಮಾತ್ರೆ ಬದಲಾದ ಮೇಲೆ ಉಬ್ಬು ಇಳಿಯಲು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಇಳಿಯದೆ ಉಳಿದದ್ದಕ್ಕಷ್ಟೇ ಕತ್ತರಿ.

ಕೆಲವೇ ದಿನಗಳಲ್ಲಿ ಒಸಡು ಊದಿ, ಜ್ವರ, ಸುಸ್ತು, ಮೈಮೇಲೆ ನೀಲಿ ಕಲೆ ಕಂಡರೆ ಮಾತ್ರೆಯ ಮೇಲೆ ಹೊರಿಸಿ ಕೂರಬೇಡಿ. ರಕ್ತದ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಅಂದೇ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ, ಮಾಡಿಸಿ.