ಡಿಸ್ಕಿನಲ್ಲಿ ಒಂದು, ಓಡುತ್ತಿರುವುದು ಇನ್ನೊಂದು

ಹಾಸನದ ಸಾಲಗಾಮೆ ರಸ್ತೆ ಬದಿಯ ಮನೆಯಿಂದಲೇ ನನ್ನ ಕೆಲಸ. ಮಳೆಗಾಲದಲ್ಲಿ ಕರೆಂಟು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಯುಪಿಎಸ್ ಕೂಗಿಕೊಳ್ಳುವುದರೊಳಗೆ ಉತ್ತರ ಕೊಡುವ ಕಮಾಂಡ್ ಕಂಡರೆ ನನಗೆ ವಿಶೇಷ ಅಕ್ಕರೆ. ಐಬಿಎಂ ಎಂಕ್ಯೂ, ರ‍್ಯಾಬಿಟ್‌ಎಂಕ್ಯೂ, ಕಾಫ್ಕಾ (ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಸಾಫ್ಟ್‌ವೇರ್‌ಗಳು) ಮೂರನ್ನೂ ಲಿನಕ್ಸ್‌ನಲ್ಲಿ ಹಾಕಿ, ವರ್ಷನ್ ಎಷ್ಟು ಅಂತ ಕೇಳಿ ನೋಡಿದೆ.

ಎಂಕ್ಯೂನಲ್ಲಿ 'ಡಿಎಸ್‌ಪಿಎಂಕ್ಯೂವರ್' ಎಂದರೆ ಹೆಸರು, ವರ್ಷನ್, ಬಿಲ್ಡ್, ಎಲ್ಲಿ ಕೂತಿದೆ ಎಲ್ಲವನ್ನೂ ಒದರುತ್ತದೆ. ನಂಬರ್ ಮಾತ್ರ ಸಾಕಾದರೆ '-ಬಿ -ಎಫ್ 2'. 7.1ರಿಂದ ಒಂದೇ ಸರ್ವರ್‌ನಲ್ಲಿ ಹಲವು ಇನ್‌ಸ್ಟಾಲೇಶನ್ ಇಟ್ಟುಕೊಳ್ಳಬಹುದು, '-ಐ' ಕೊಟ್ಟರೆ ಎಲ್ಲವೂ ಸಾಲಾಗಿ ಬರುತ್ತವೆ. ಆದರೆ ಯಾವ ಕ್ಯೂ ಮ್ಯಾನೇಜರ್ (ಸಂದೇಶಗಳ ಸಾಲು ನೋಡಿಕೊಳ್ಳುವ ಭಾಗ) ಯಾವುದಕ್ಕೆ ಸೇರಿದ್ದು? ಅದಕ್ಕೆ 'ಡಿಎಸ್‌ಪಿಎಂಕ್ಯೂ -ಒ ಇನ್‌ಸ್ಟಾಲೇಶನ್'. ಪ್ರೈಮರಿ ಅಂತ ಯಾವುದನ್ನೂ ಗುರುತು ಮಾಡಿರದಿದ್ದರೆ ಕಮಾಂಡೇ ಸಿಗುವುದಿಲ್ಲ, ಮೊದಲು '. /ಆಪ್ಟ್/ಎಂಕ್ಯೂಎಂ/ಬಿನ್/ಸೆಟ್‌ಎಂಕ್ಯೂಎನ್ವ್ -ಎಸ್' ಓಡಿಸಬೇಕು. ಮುಂದಿನ ಆ ಚುಕ್ಕೆ ಮರೆತರೆ ನಿಮ್ಮ ಶೆಲ್‌ನಲ್ಲಿ ಏನೂ ಬದಲಾಗದು. ಆ ಚುಕ್ಕೆಗೆ ನನ್ನ ಅರ್ಧ ಗಂಟೆ ಹೋಗಿದೆ.

ರ‍್ಯಾಬಿಟ್‌ನಲ್ಲಿ ನಾನು ಮುಗ್ಗರಿಸಿದ್ದೇ ಬೇರೆ ಥರ. 'ರ‍್ಯಾಬಿಟ್‌ಎಂಕ್ಯೂಸಿಟಿಎಲ್ ವರ್ಷನ್' ಒತ್ತಿ, ಬಂದ ನಂಬರನ್ನು ಕ್ಲೈಂಟಿಗೆ ಕಳಿಸಿ ಊಟಕ್ಕೆ ಕೂತೆ. ಅದು ಡಿಸ್ಕಿನಲ್ಲಿರುವ ಟೂಲ್‌ನ ವರ್ಷನ್ ಅಷ್ಟೇ, ನೋಡ್, ಅಂದರೆ ಸರ್ವರ್‌ನಲ್ಲಿ ಓಡಬೇಕಾದ ರ‍್ಯಾಬಿಟ್, ಓಡದಿದ್ದರೂ ಹೇಳುತ್ತದೆ. ಯಾರೋ ಹೊಸ ಫೋಲ್ಡರ್ ಬಿಚ್ಚಿಟ್ಟು ಪಾತ್ (ಕಮಾಂಡ್ ಹುಡುಕುವ ದಾರಿ) ಬದಲಿಸಿದ್ದರು, ನೋಡ್ ಮಾತ್ರ ಹಳೆಯದೇ ಓಡುತ್ತಿತ್ತು. ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ. ಆ ಸರ್ವರ್‌ನ ರೀಸ್ಟಾರ್ಟೂ ಹಾಗೇ. ಕೇಳಬೇಕಾದದ್ದು 'ರ‍್ಯಾಬಿಟ್‌ಎಂಕ್ಯೂ-ಡಯಾಗ್ನಾಸ್ಟಿಕ್ಸ್ ಸರ್ವರ್_ವರ್ಷನ್': ಓಡುತ್ತಿರುವ ನೋಡನ್ನೇ ಮಾತಾಡಿಸಿ ಹೇಳುತ್ತದೆ. ಅರ್ಲಾಂಗ್ (ರ‍್ಯಾಬಿಟ್ ಬರೆದ ಭಾಷೆ) ಕುಕಿ, ಅಂದರೆ ಎರಡೂ ಕಡೆ ಒಂದೇ ಇರಬೇಕಾದ ಗುಟ್ಟಿನ ಪದ, ಹೊಂದದಿದ್ದರೆ ಮಾತ್ರ ಒಳಗೆ ಬಿಡುವುದಿಲ್ಲ. ಅರ್ಲಾಂಗ್ ವರ್ಷನ್ ಕೂಡ ಬೇಕಿದ್ದರೆ 'ಸ್ಟೇಟಸ್'. ಮೂರರಲ್ಲಿ ನನ್ನ ಓಟು ಇದಕ್ಕೇ.

ಕಾಫ್ಕಾ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. 'ಕಾಫ್ಕಾ-ಟಾಪಿಕ್ಸ್.ಎಸ್‌ಎಚ್ --ವರ್ಷನ್' ಒತ್ತಿದರೆ ಜಾವಾ ಎದ್ದು ಮೈಮುರಿದು ಹೇಳುವಷ್ಟು ಹೊತ್ತು ಕಾಯಬೇಕು, ಹೇಳುವುದೂ ಟೂಲ್‌ನದ್ದೇ. ಲಿಬ್ಸ್ ಫೋಲ್ಡರ್‌ನ ಜಾರ್ (ಜಾವಾ ಫೈಲುಗಳ ಕಟ್ಟು) ಹೆಸರು ನೋಡುವುದು ಬೇಗ. ಆದರೆ 'ಕಾಫ್ಕಾ_2.13-3.6.0' ಎಂದಿದ್ದರೆ 2.13 ಸ್ಕಾಲಾ ಭಾಷೆಯದ್ದು, ಕಾಫ್ಕಾ 3.6.0. ಮೊದಲ ಸಲ ಟಿಕೆಟ್‌ನಲ್ಲಿ 2.13 ಅಂತಲೇ ಬರೆದು ನಗೆಪಾಟಲಾಗಿದ್ದೆ. ಓಡುತ್ತಿರುವ ಕಾಫ್ಕಾ ಸರ್ವರ್, ಅಂದರೆ ಬ್ರೋಕರ್‌ನ ವರ್ಷನ್ ಬೇಕೆಂದರೆ ಸರ್ವರ್ ಲಾಗ್‌ನಲ್ಲಿ 'ಕಾಫ್ಕಾ ವರ್ಷನ್' ಎಂಬ ಸಾಲು ಹುಡುಕಬೇಕು. ಸ್ಟಾರ್ಟ್ ಆಗುವಾಗ ಬರೆಯುವ ಸಾಲು ಅದು. ನಾನು ಹುಡುಕುವ ಹೊತ್ತಿಗೆ, ಹಳೇ ಲಾಗ್ ಗುಡಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಅದನ್ನು ಎಂದೋ ಗುಡಿಸಿಹಾಕಿತ್ತು.