ಮಡಚುವ ಕೀಬೋರ್ಡ್, ಎರಡು ವರ್ಷದ ಮೇಲೆ: ಎಲ್ಲ ಸರಿ, ಒತ್ವ ಎಲ್ಲಿ?

ಈ ಕೀಬೋರ್ಡಿನಲ್ಲಿ ‘ಒಂದು’ ಎಂದು ಬರೆಯಬೇಕಾದರೆ ಮೊದಲ ಅಕ್ಷರಕ್ಕೇ ಮೂರು ಬೆರಳು ಬೇಕು. ಎಫ್ಎನ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಎಫ್ಎನ್ ಕೂದಲೆಳೆಯಷ್ಟು ತಡವಾದರೂ ಬರಿಯ ಎಸ್ಕೇಪ್ ಹೋಗುತ್ತದೆ; ಕೆಲವು ಆಂಡ್ರಾಯ್ಡ್ ಫೋನುಗಳು ಅದನ್ನು ‘ಹಿಂದಕ್ಕೆ’ ಎಂದು ತಿಳಿದು ಬರೆಯುತ್ತಿದ್ದ ಪುಟವನ್ನೇ ಮುಚ್ಚಿಬಿಡುತ್ತವೆ. ಮೂರು ಮಡಿಕೆ, ಬ್ಲೂಟೂತ್, 1,900 ರೂಪಾಯಿ. ಉಳಿದ ಗುಣಾವಳಿಯನ್ನು ಮಾರುವವರ ಪುಟದಲ್ಲಿ ಎಲ್ಲರೂ ನೋಡಿರುತ್ತೀರಿ. ಅಲ್ಲಿ ಯಾರೂ ಬರೆಯದ ಸಂಗತಿ ಎಡ ಮೂಲೆಯ ಆ ಒಂದು ಕೀಲಿಯದು.

ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳಿಗೆ ಸರ್ಕಾರ ಗೊತ್ತುಮಾಡಿದ ಕೀಲಿ ವಿನ್ಯಾಸದಲ್ಲಿ ಕನ್ನಡದ ಒತ್ವ (ೊ) ಕೂರುವುದು 1ರ ಎಡಗಡೆ ಇರುವ ಬ್ಯಾಕ್‌ಟಿಕ್ ಕೀಲಿಯಲ್ಲಿ. ಅದಕ್ಕೇ ಶಿಫ್ಟ್ ಸೇರಿಸಿದರೆ ಸ್ವತಂತ್ರ ‘ಒ’. ಇಂಗ್ಲಿಷಿನಲ್ಲಿ ಬ್ಯಾಕ್‌ಟಿಕ್ ಯಾರಿಗೂ ಬೇಡದ ಕೀಲಿ, ಹಾಗಾಗಿ ಜಾಗ ಉಳಿಸುವಾಗ ಮೊದಲು ಬಲಿಯಾಗುವುದು ಅದೇ. ಅದರ ಜಾಗಕ್ಕೆ ಎಸ್ಕೇಪ್ ಬಂದು, ಬ್ಯಾಕ್‌ಟಿಕ್ ಎಫ್ಎನ್ ಹಿಂದೆ ಅಡಗುತ್ತದೆ. ಕನ್ನಡದಲ್ಲಿ ಒತ್ವ ಇಲ್ಲದೆ ಒಂದು ಸಾಲು ಬರೆದು ನೋಡಿ: ಕೊಡು, ಹೊಸ, ಗೊತ್ತು, ಮೊದಲು, ದೊಡ್ಡ, ತೊಂದರೆ, ಮತ್ತೊಮ್ಮೆ. ಕ್ರಿಯಾಪದದ ಬಾಲಕ್ಕೆಲ್ಲ ಅಂಟುವ ‘ಕೊಂಡು’ ಬೇರೆ. ಒಂದು ಪುಟ ಮುಗಿಯುವುದರೊಳಗೆ ಎಡಗೈ ಕಿರುಬೆರಳು ಎಫ್ಎನ್‌ಗೂ ಮೂಲೆಗೂ ಓಡಾಡಿ ಸೋಲುತ್ತದೆ.

ಬಲಗಡೆಯ ಕಥೆಯೂ ಇಷ್ಟೇ. ಇನ್‌ಸ್ಕ್ರಿಪ್ಟಿನಲ್ಲಿ ‘ಚ’ ಸೆಮಿಕೋಲನ್ ಕೀಲಿಯಲ್ಲಿ, ‘ಟ’ ಅಪಾಸ್ಟ್ರಫಿಯಲ್ಲಿ, ‘ಡ’ ಚೌಕ ಆವರಣದ ಕೀಲಿಯಲ್ಲಿ, ‘ಯ’ ಸ್ಲ್ಯಾಷ್‌ನಲ್ಲಿ ಇವೆ. ಇಂಗ್ಲಿಷ್ ಬರೆಯುವವರಿಗೆ ಇವೆಲ್ಲ ಬರಿಯ ಚಿಹ್ನೆಗಳು, ಸಣ್ಣದಾದರೂ ನಡೆಯುತ್ತದೆ. ನಮಗೆ ಇವು ಅಕ್ಷರಗಳು. ಈ ಮಾದರಿಯಲ್ಲಿ ಸೆಮಿಕೋಲನ್ ಪೂರ್ತಿ ಅಗಲವಿದೆ, ಪುಣ್ಯ. ಅಪಾಸ್ಟ್ರಫಿ ಮತ್ತು ಆವರಣದ ಕೀಲಿಗಳು ಉಳಿದವುಗಳ ಮುಕ್ಕಾಲು ಅಗಲ. ಸ್ಲ್ಯಾಷ್ ಅಂತೂ ಮೇಲ್ಬಾಣದ ಕೀಲಿಗೆ ಮೈ ತಾಗಿಸಿಕೊಂಡು ನಿಂತಿದೆ. ‘ಯ’ ಒತ್ತಲು ಹೋಗಿ ಬಾಣ ಒತ್ತಿದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ, ಮುಂದಿನ ಐದಾರು ಅಕ್ಷರ ಅಲ್ಲಿಯ ಪದದ ಹೊಟ್ಟೆಯೊಳಗೆ ಸೇರುತ್ತವೆ. ಪರದೆ ನೋಡದೆ ಟೈಪ್ ಮಾಡುವವರಿಗೆ ಇದು ತಿಳಿಯುವುದು ಪ್ಯಾರಾ ಮುಗಿದ ಮೇಲೆ.

ಕೀಲಿಗಳ ಮೇಲೆ ಕನ್ನಡದ ಸ್ಟಿಕ್ಕರ್ ಅಂಟಿಸುವುದು ಇದಕ್ಕೆ ಮದ್ದಲ್ಲ. ಮಡಚಿದಾಗ ಎದುರುಬದುರು ಕೀಲಿಗಳ ನಡುವೆ ಉಳಿಯುವ ಸಂದು ಬಹಳ ಕಡಿಮೆ. ಸ್ಟಿಕ್ಕರ್‌ನ ದಪ್ಪ ಸೇರಿದರೆ ಒಂದಕ್ಕೊಂದು ಉಜ್ಜಿ ಅಂಚು ಏಳುತ್ತದೆ, ಅಂಟು ಎದುರಿನ ಕೀಲಿಗೆ ಹತ್ತುತ್ತದೆ.

ಒತ್ವಕ್ಕೆ ಒಂದು ಕಳ್ಳದಾರಿ ಇದೆ. ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ೊ’ ಎಂಬುದು ‘ೆ’ ಮತ್ತು ‘ೂ’ ಎರಡರ ಜೋಡಣೆಗೆ ಸಮ ಎಂದು ಲೆಕ್ಕ. ಕೈಬರಹದಲ್ಲೂ ಎತ್ವ ಹಾಕಿ ಪಕ್ಕದಲ್ಲಿ ಕೊಂಬು, ದೀರ್ಘ ಎಳೆಯುವುದೇ ತಾನೇ. ಹಾಗಾಗಿ ವ್ಯಂಜನದ ನಂತರ ಇಂಗ್ಲಿಷಿನ ಝಡ್ ಕೀಲಿ, ಆಮೇಲೆ ಟಿ ಕೀಲಿ ಒತ್ತಿದರೆ ಪರದೆಯಲ್ಲಿ ಚೊಕ್ಕ ‘ಕೊ’ ಮೂಡುತ್ತದೆ. ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಹುಡುಕುವಾಗ ಮಾತ್ರ ಎಡವಟ್ಟು: ಎರಡು ಬಗೆಯ ಬರಹವನ್ನು ಒಂದೇ ರೂಪಕ್ಕೆ ತರದ ತಂತ್ರಾಂಶಗಳಲ್ಲಿ ಹೀಗೆ ಬರೆದ ‘ಕೊಡು’ ನೇರವಾಗಿ ಬರೆದ ‘ಕೊಡು’ವಿಗೆ ಹೊಂದುವುದಿಲ್ಲ. ಬೈಟುಗಳು ಬೇರೆ. ಪತ್ರ, ಸಂದೇಶಕ್ಕೆ ಪರವಾಗಿಲ್ಲ. ನಿಘಂಟು, ದತ್ತಾಂಶ, ಪುಸ್ತಕದ ಕರಡು ಇಂಥವಕ್ಕೆ ಬೇಡ. ಸ್ವತಂತ್ರ ‘ಒ’ಗೆ ಈ ದಾರಿಯೂ ಇಲ್ಲ, ಅದು ಒಡೆಯದ ಅಕ್ಷರ.

ವಿಂಡೋಸ್ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಇದ್ದರೆ ಇದಕ್ಕಿಂತ ಒಳ್ಳೆಯ ಉಪಾಯ ವಿನ್ಯಾಸವನ್ನೇ ತಿದ್ದುವುದು. ಮೈಕ್ರೋಸಾಫ್ಟಿನ ಕೀಬೋರ್ಡ್ ಲೇಔಟ್ ಕ್ರಿಯೇಟರ್ ಉಚಿತ. ಅದರಲ್ಲಿ ಈಗಿರುವ ಕನ್ನಡ ವಿನ್ಯಾಸವನ್ನು ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ಖಾಲಿ ಬಿದ್ದ ಜಾಗಗಳನ್ನು ಹುಡುಕಿ. ‘ನ’ ಕೀಲಿಯ ಶಿಫ್ಟ್ ಸಾಮಾನ್ಯವಾಗಿ ಖಾಲಿ, ಒತ್ವವನ್ನು ಅಲ್ಲಿಗೆ ತನ್ನಿ. ಅನುಸ್ವಾರದ ಕೀಲಿಯ ಶಿಫ್ಟಿಗೆ ‘ಒ’ ಕೊಡಿ. ಕಟ್ಟಿ, ಅನುಸ್ಥಾಪಿಸಿ, ಒಮ್ಮೆ ಲಾಗ್ಔಟ್ ಆಗಿ ಬನ್ನಿ. ಹಳೆಯ ಜಾಗದಲ್ಲೂ ಅವು ಹಾಗೇ ಇರಲಿ, ಮನೆಯ ದೊಡ್ಡ ಕೀಬೋರ್ಡಿಗೆ ಕೂತಾಗ ಬೆರಳು ಗೊಂದಲಪಡುವುದಿಲ್ಲ.

ಫೋನಿನಲ್ಲಿ ಇಷ್ಟು ಸಲೀಸಿಲ್ಲ. ಪರದೆಯ ಮೇಲೆ ಕನ್ನಡ ಕೀಲಿಮಣೆ ಇದೆ ಎಂದ ಮಾತ್ರಕ್ಕೆ ಹೊರಗಿನ ಕೀಲಿಗಳು ಕನ್ನಡ ಮೂಡಿಸುವುದಿಲ್ಲ. ಆ ಆಪ್ ಹೊರಗಿನ ಕೀಲಿಯ ಒತ್ತನ್ನು ತಾನೇ ಹಿಡಿದು ಅಕ್ಷರವಾಗಿಸಬೇಕು. ಬಹಳಷ್ಟು ಆಪ್‌ಗಳು ಆ ಗೋಜಿಗೆ ಹೋಗುವುದಿಲ್ಲ, ಕೀಲಿ ಒತ್ತಿದರೆ ಬರಿಯ ಇಂಗ್ಲಿಷ್ ಬರುತ್ತದೆ. ಕೀಬೋರ್ಡಿಗೆ ದುಡ್ಡು ಹಾಕುವ ಮೊದಲು ಪರಿಚಯದವರ ಯಾವುದಾದರೂ ಬ್ಲೂಟೂತ್ ಕೀಬೋರ್ಡನ್ನು ಹತ್ತು ನಿಮಿಷ ಎರವಲು ಪಡೆದು ನಿಮ್ಮ ಫೋನಿಗೆ ಜೋಡಿಸಿ ನೋಡಿ. ಈ ಪರೀಕ್ಷೆಗೆ ಖರ್ಚಿಲ್ಲ.

ಇನ್ನು ಕನ್ನಡ ಗಣಕ ತಜ್ಞ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬಂದರೆ, ಇಲ್ಲಿಯವರೆಗಿನ ಬೈಗುಳವೆಲ್ಲ ಅರ್ಧಕ್ಕರ್ಧ ಕರಗುತ್ತದೆ. ನುಡಿ ತಂತ್ರಾಂಶ ಬಳಸಿದವರಿಗೆ, ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರು ಕಂಡವರಿಗೆ ಇದು ಗೊತ್ತು. ಇಡೀ ವರ್ಣಮಾಲೆಯನ್ನು ಅವರು 26 ಇಂಗ್ಲಿಷ್ ಅಕ್ಷರಗಳ ಕೀಲಿಯೊಳಗೇ ಕೂರಿಸಿದ್ದಾರೆ. ‘ಟ’ಕ್ಕೆ ಕ್ಯೂ, ‘ಡ’ಕ್ಕೆ ಡಬ್ಲ್ಯೂ, ‘ಷ’ಕ್ಕೆ ಎಕ್ಸ್, ಒತ್ತಕ್ಷರಕ್ಕೆ ಎಫ್. ಒತ್ವಕ್ಕೆ ಬರಿಯ ಓ, ಶಿಫ್ಟ್ ಹಿಡಿದರೆ ಅದರ ದೀರ್ಘ. ಚಿಹ್ನೆಗಳ ಕೀಲಿ ಸಣ್ಣದಾಗಲಿ, ಮಾಯವಾಗಲಿ, ಕನ್ನಡಕ್ಕೆ ಒಂದು ಕೂದಲೂ ಕೊಂಕುವುದಿಲ್ಲ. ಮಡಚುವ ಕೀಬೋರ್ಡನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸವಲ್ಲ ಅದು, ಆದರೂ ಇದಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ. ಇನ್‌ಸ್ಕ್ರಿಪ್ಟ್ ರೂಢಿಯಾದವರು ಬದಲಾಗಲು ಎರಡು ಮೂರು ವಾರ ತೆವಳಬೇಕು. ಮುಖ್ಯ ತೊಡಕು ಎಫ್ ಕೀಲಿ: ಇನ್‌ಸ್ಕ್ರಿಪ್ಟಿನಲ್ಲಿ ಅಲ್ಲಿ ಗುಡಿಸು (ಿ), ಒತ್ತು ಪಕ್ಕದ ಡಿಯಲ್ಲಿ. ಎರಡೂ ಅಕ್ಕಪಕ್ಕ ಇರುವುದರಿಂದ ಬೆರಳು ಹಳೆಯ ಚಾಳಿ ಬಿಡುವುದಿಲ್ಲ.

ವಿನ್ಯಾಸ ಬದಲಾದ ಮೇಲೆ ಈ ವಸ್ತುವಿನ ಸೊಗಸು ಕಾಣತೊಡಗುತ್ತದೆ. ಬಿಚ್ಚುವ ಕ್ರಮವೇ ಚಂದ. ಎಡ ರೆಕ್ಕೆ, ಬಲ ರೆಕ್ಕೆ, ಮ್ಯಾಗ್ನೆಟ್ ಬಿಡುವ ಸಣ್ಣ ‘ಟಕ್’. ಒಳಗಿನ ಸಂವೇದಕ ಆ ಮ್ಯಾಗ್ನೆಟ್ ದೂರವಾದದ್ದನ್ನು ಗುರುತಿಸಿ ತಾನೇ ಚಾಲೂ ಆಗುತ್ತದೆ, ಸ್ವಿಚ್ ಹುಡುಕಬೇಕಿಲ್ಲ. ನೀಲಿ ದೀಪ ಮಿನುಗಿ ಆರುವಷ್ಟರಲ್ಲಿ, ಎರಡು ಮೂರು ಸೆಕೆಂಡಿಗೆ, ಫೋನಿಗೆ ಸೇರಿಕೊಂಡಿರುತ್ತದೆ. ಹತ್ತು ನಿಮಿಷ ಸುಮ್ಮನಿದ್ದರೆ ನಿದ್ದೆಗೆ ಜಾರುತ್ತದೆ, ಎಚ್ಚರಿಸಲು ಒತ್ತಿದ ಮೊದಲ ಕೀಲಿ ಕಳೆದುಹೋಗುತ್ತದೆ. ಅದಕ್ಕೆ ಅಕ್ಷರದ ಬದಲು ಶಿಫ್ಟ್ ಒಮ್ಮೆ ತಟ್ಟಿ, ಒಂದು ಉಸಿರು ಬಿಟ್ಟು ಶುರುಮಾಡಿ. ಮುಗಿದ ಮೇಲೆ ಮಡಚಿ ಜುಬ್ಬದ ಜೇಬಿಗೆ ಹಾಕಬಹುದು, ಪ್ಯಾಂಟಿನ ಜೇಬಿಗೆ ಬೇಡ. ಮಡಚಿದರೆ ಉದ್ದ ಕಡಿಮೆಯಾಗುತ್ತದೆ, ದಪ್ಪ ಇಮ್ಮಡಿಯಾಗುತ್ತದೆ; ಹಾಗೇ ಕೂತರೆ ಹೊರೆಯೆಲ್ಲ ಹಿಂಜ್ ಮೇಲೆ.

ಮೂರು ಮಡಿಕೆಯ ದೊಡ್ಡ ಲಾಭ ನಡುವೆ ಬಿರುಕು ಇಲ್ಲದಿರುವುದು. ನಡುವೆ ಒಂದೇ ಹಿಂಜ್ ಇರುವ ಮಾದರಿಗಳಲ್ಲಿ ಟಿ-ವೈ, ಜಿ-ಎಚ್, ಬಿ-ಎನ್ ನಡುವೆ ಕಂದಕ ಬೀಳುತ್ತದೆ. ಬಿ ಕೀಲಿಯನ್ನು ಬಲಗೈಯಿಂದ ಒತ್ತುವ ಚಾಳಿಯವರು ಅಲ್ಲಿ ಗಾಳಿಯನ್ನೇ ಒತ್ತುತ್ತಾರೆ. ಮೂರು ಮಡಿಕೆಯ ದೋಷ ಬೇರೆ: ಹಿಂಜ್‌ಗಳಿಗೆ ಬಿಗಿಹಿಡಿತ ಇಲ್ಲ, ತೊಡೆಯ ಮೇಲಿಟ್ಟರೆ ರೆಕ್ಕೆಗಳು ಜೋತುಬೀಳುತ್ತವೆ. ರೈಲಿನಲ್ಲಿ, ಬಸ್ಸಿನಲ್ಲಿ ಬರೆಯುವವರು ಮಕ್ಕಳ ಪರೀಕ್ಷಾ ಪ್ಯಾಡ್ ಒಂದನ್ನು ಅಡ್ಡಲಾಗಿ ಕೆಳಗಿಟ್ಟುಕೊಳ್ಳಿ. ಬಿಚ್ಚಿದ ಕೀಬೋರ್ಡ್ 25 ಸೆಂ.ಮೀ. ಆಸುಪಾಸು, ಪ್ಯಾಡ್ ಅದಕ್ಕಿಂತ ಉದ್ದ. ಕ್ಲಿಪ್ಪಿಗೆ ಫೋನನ್ನು ಒರಗಿಸಲೂ ಆಗುತ್ತದೆ. ಪ್ಯಾಡ್ ಹೊರುವುದಾದರೆ ಮಡಚುವ ಕೀಬೋರ್ಡ್ ಏಕೆ ಎಂದು ಕೇಳುವವರಿಗೆ ಉತ್ತರ ಇಲ್ಲ.

ಚಾರ್ಜಿಂಗ್ ವಿಷಯದಲ್ಲಿ ಅನೇಕರು ‘ಸತ್ತುಹೋಯಿತು’ ಎಂದು ವಾಪಸ್ ಕಳಿಸುವುದು ತಪ್ಪು ಕೇಬಲ್‌ನಿಂದ. ಟೈಪ್-ಸಿ ಕಿಂಡಿ ಇದ್ದರೂ ಅಗ್ಗದ ಮಾದರಿಗಳಲ್ಲಿ ಅದರ ಹಿಂದೆ ಇರಬೇಕಾದ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಅವಿಲ್ಲದಿದ್ದರೆ ಸಿ-ಟು-ಸಿ ಕೇಬಲ್ಲಿನ ಆ ತುದಿಯ ಚಾರ್ಜರ್‌ಗೆ ಇಲ್ಲೊಂದು ಸಾಧನ ಇದೆ ಎಂದೇ ತಿಳಿಯುವುದಿಲ್ಲ, ವಿದ್ಯುತ್ ಬಿಡುವುದಿಲ್ಲ. ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲ್ ಹಾಕಿ, ಕೂಡಲೇ ಕೆಂಪು ದೀಪ ಹತ್ತುತ್ತದೆ. ದಿನಕ್ಕೆ ಒಂದು ಗಂಟೆಯ ಬಳಕೆಗೆ ಮೂರು ವಾರ ತಡೆಯುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಪೂರ್ತಿ ಖಾಲಿಯಾದ ಸಣ್ಣ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಮಡಚುವ ಯಂತ್ರಗಳ ಅಂದ ನೋಡಬೇಕೆಂದರೆ ಹಿಂದಕ್ಕೆ ಹೋಗಬೇಕು. 1995ರ ಐಬಿಎಂ ಥಿಂಕ್‌ಪ್ಯಾಡ್ 701 ಲ್ಯಾಪ್‌ಟಾಪಿನಲ್ಲಿ ಎಂಜಿನಿಯರ್ ಜಾನ್ ಕರಿಡಿಸ್ ಕೀಬೋರ್ಡನ್ನು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಎರಡು ಹೋಳು ಮಾಡಿದ್ದರು. ಮುಚ್ಚಳ ಎತ್ತುತ್ತಿದ್ದಂತೆ ಹೋಳುಗಳು ಸರಿದು, ಕೂಡಿ, ಪೆಟ್ಟಿಗೆಗಿಂತ ಅಗಲವಾಗಿ ಎರಡೂ ಬದಿ ಹೊರಚಾಚುತ್ತಿದ್ದವು. 24.6 ಸೆಂ.ಮೀ. ಪೆಟ್ಟಿಗೆಯೊಳಗೆ 29 ಸೆಂ.ಮೀ. ಕೀಬೋರ್ಡ್. ಚಿಟ್ಟೆ ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿದೆ. ಪರದೆಗಳು ದೊಡ್ಡದಾದ ಮೇಲೆ ಆ ಉಪಾಯದ ಅಗತ್ಯವೇ ಬೀಳಲಿಲ್ಲ. 1999ರಲ್ಲಿ ಪಾಮ್ ಎಂಬ ಅಂಗೈ ಗಣಕಗಳಿಗೆ ಬಂದ ಸ್ಟೋಅವೇ ಕೀಬೋರ್ಡ್ ನಾಲ್ಕು ತುಂಡಾಗಿ ಮಡಚಿ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ಬಿಚ್ಚಿ, ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ತುಂಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಅದಕ್ಕೆ ತನ್ನದೇ ಬ್ಯಾಟರಿಯೂ ಇರಲಿಲ್ಲ, ಪಾಮ್‌ನಿಂದಲೇ ವಿದ್ಯುತ್ ಎಳೆಯುತ್ತಿತ್ತು. ಇಂದಿನ ರೆಕ್ಸಿನ್ ಹೊದಿಕೆಯ ಕೀಬೋರ್ಡುಗಳಲ್ಲಿ ಆ ಬಿಗಿ ಕಾಣುವುದು ಅಪರೂಪ.

ಲೇಸರ್ ಕೀಬೋರ್ಡ್ ನೋಡಲು ಮಾತ್ರ ಚಂದ. ಮೇಜಿನ ಮೇಲೆ ಕೆಂಪು ಬೆಳಕಿನ ಕೀಲಿಗಳು. ಅವುಗಳ ಮೇಲೆ ಹಾಸಿದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಪದರವನ್ನು ಬೆರಳು ತಡೆದಾಗ ಕ್ಯಾಮೆರಾ ಜಾಗ ಲೆಕ್ಕ ಹಾಕುತ್ತದೆ. ಬೆರಳಿಗೆ ಒತ್ತಿದ ಅನುಭವವಿಲ್ಲ, ಬೆರಳನ್ನು ಮೇಜಿನ ಮೇಲೆ ವಿಶ್ರಮಿಸಲೂ ಬಿಡುವಂತಿಲ್ಲ. ಹಗಲಿನ ಬೆಳಕಿಗೆ ಚಿತ್ರ ಮಂಕಾಗುತ್ತದೆ, ಗಾಜಿನ ಮೇಜಿನ ಮೇಲೆ ಕೆಲಸವೇ ಇಲ್ಲ. ಕೀಲಿಗಳನ್ನೇ ಕಡಿಮೆ ಮಾಡುವ ದಾರಿಯೂ ಇತ್ತು: ಐದೇ ಕೀಲಿಗಳನ್ನು ಜೋಡಿಸಿ ಒತ್ತುವ ಸಾಧನವನ್ನು ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಮೌಸಿನ ಜೊತೆಗೇ, ತೋರಿಸಿದ್ದರು. ಐದು ಕೀಲಿಗೆ 31 ಸಂಯೋಜನೆಗಳು ಸಿಗುತ್ತವೆ. ಇಂಗ್ಲಿಷಿಗೆ ಸಾಕು, ನಮ್ಮ 49 ವರ್ಣಕ್ಕೆ ಶಿಫ್ಟಿನಂಥದ್ದು ಇನ್ನೊಂದು ಬೇಕು.

ನಿಜಕ್ಕೂ ಹೊಟ್ಟೆಕಿಚ್ಚು ತರಿಸುವುದು ಮಾಸ್ಕೋದ ಆರ್ಟೆಮಿ ಲೆಬೆಡೆವ್ ಸ್ಟುಡಿಯೋದ ಆಪ್ಟಿಮಸ್ ಮ್ಯಾಕ್ಸಿಮಸ್ ಕೀಬೋರ್ಡ್. 2008ರಲ್ಲಿ ಮಾರಾಟಕ್ಕೆ ಬಂತು. 113 ಕೀಲಿ, ಪ್ರತಿ ಕೀಲಿಯ ತಲೆಯಲ್ಲೂ 48×48 ಪಿಕ್ಸೆಲ್‌ನ ಪುಟ್ಟ ಪರದೆ. ಭಾಷೆ ಬದಲಿಸಿದರೆ ಕೀಲಿಗಳ ಮೇಲಿನ ಅಕ್ಷರವೇ ಬದಲು, ಶಿಫ್ಟ್ ಹಿಡಿದರೆ ಶಿಫ್ಟಿನ ಅಕ್ಷರ. ಅಂಥದರಲ್ಲಿ ಒತ್ವವನ್ನು ಹುಡುಕಬೇಕಾಗಿಯೇ ಇಲ್ಲ, ಅದೇ ಕಣ್ಣಿಗೆ ಹೊಡೆಯುತ್ತದೆ. ಬೆಲೆ 1,500 ಡಾಲರಿಗೂ ಮೇಲಿತ್ತು, ಕೀಲಿ ಒತ್ತಲು ಗಟ್ಟಿ ಎಂಬ ದೂರೂ ಇತ್ತು. ಮಡಚುವಂಥದ್ದಂತೂ ಅಲ್ಲ.

1,900ರ ಈ ವಸ್ತುವಿಗೆ ಮರಳಿದರೆ, ಎರಡು ವರ್ಷಕ್ಕೆ ಹಿಂಜ್ ಮೇಲಿನ ರೆಕ್ಸಿನ್ ಬಿರುಕು ಬಿಟ್ಟಿದೆ. ಈ ಕೃತಕ ಚರ್ಮ ತೇವಕ್ಕೆ ಅಂಟಂಟಾಗಿ ಸಿಪ್ಪೆ ಏಳುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಅದು ಅಂದದ ಕುಂದು ಮಾತ್ರ. ಭಯ ಪಡಬೇಕಾದದ್ದು ಅದರಡಿಯ ರಿಬ್ಬನ್ ಕೇಬಲ್‌ಗೆ. ರೆಕ್ಕೆಯ ಕೀಲಿಗಳೆಲ್ಲ ಅದರ ಮೂಲಕವೇ ನಡುಭಾಗಕ್ಕೆ ಸೇರುತ್ತವೆ, ಪ್ರತಿ ಮಡಿಕೆಗೂ ಅದು ಬಾಗುತ್ತದೆ. ಒಂದೇ ಕೀಲಿ ಸತ್ತರೆ ಧೂಳು, ಊದಿ ತೆಗೆಯಿರಿ. ಒಂದು ರೆಕ್ಕೆಯಲ್ಲಿ ಮೂರು ನಾಲ್ಕು ಕೀಲಿ ಒಟ್ಟಿಗೆ ಸತ್ತರೆ, ಅಥವಾ ರೆಕ್ಕೆಯನ್ನು ತುಸು ಎತ್ತಿದಾಗ ಬದುಕಿ ಇಳಿಸಿದಾಗ ಸತ್ತರೆ, ರಿಬ್ಬನ್ನಿನ ಎಳೆ ತುಂಡಾಗಿದೆ. ರಿಪೇರಿಯ ಕೂಲಿಗೆ ಹೊಸದೇ ಬರುತ್ತದೆ. 180 ಡಿಗ್ರಿಯಿಂದಾಚೆ ಒತ್ತಿ ಬಗ್ಗಿಸದಿದ್ದರೆ ಬಾಳಿಕೆ ಹೆಚ್ಚು.

ಹೊಸದಾಗಿ ಕೊಳ್ಳುವವರು ಟಚ್‌ಪ್ಯಾಡ್ ಇರುವ ಮಾದರಿ ಬಿಡಿ, ಅದು ಬಲಗಡೆಯ ಜಾಗ ನುಂಗಿ ಕೀಲಿಗಳನ್ನು ಇನ್ನೂ ಕುಗ್ಗಿಸುತ್ತದೆ. ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 17 ಮಿ.ಮೀ. ಆದರೂ ಇರಲಿ, ದೊಡ್ಡ ಕೀಬೋರ್ಡಿನಲ್ಲಿ ಅದು 19. ಮಾರುವವರ ಚಿತ್ರವನ್ನು ದೊಡ್ಡದು ಮಾಡಿ 1ರ ಎಡಗಡೆ ಏನಿದೆ ನೋಡಿ, ಸ್ಲ್ಯಾಷ್ ಪಕ್ಕ ಏನಿದೆ ನೋಡಿ. ಕಗಪ ಕೈಯಲ್ಲಿದ್ದು, ತಿಂಗಳಿಗೆ ಆರೇಳು ಸಲ ಊರೂರು ತಿರುಗುವವರಾದರೆ ಈ ಬೆಲೆ ಸಲ್ಲುತ್ತದೆ, ಐದಕ್ಕೆ ನಾಲ್ಕು ಅಂಕ. ಇನ್‌ಸ್ಕ್ರಿಪ್ಟೇ ಬೇಕು ಎನ್ನುವವರಿಗೆ ಎರಡು. ಅವರು ಸಾವಿರದೊಳಗೆ ಸಿಗುವ, ಮಡಚದ, ತೆಳು ಬ್ಲೂಟೂತ್ ಕೀಬೋರ್ಡ್‌ಗಳಲ್ಲಿ ಬ್ಯಾಕ್‌ಟಿಕ್ ತನ್ನ ಜಾಗದಲ್ಲೇ ಇರುವುದನ್ನು ಹುಡುಕಿ ಚೀಲದಲ್ಲಿ ಪುಸ್ತಕದ ಪಕ್ಕ ಇಟ್ಟುಕೊಳ್ಳಲಿ.