ಮಾಂಡ್ರೇಕನ ಟೊಪ್ಪಿಗೆ ಮಾಯವಾದದ್ದು: ಕಾಮಿಕ್ಸ್ ಕಾಪಿಡುವ ಐದು ದಾರಿ

ಮೈಸೂರಿನ ಸಂತೇಪೇಟೆಯ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿದ್ಧ ಉಡುಪಿನವರು ಕಟ್ಟುಗಟ್ಟಲೆ ಒಯ್ಯುವ ಅಂಗಿಯ ಕವರು ಇರುತ್ತದಲ್ಲ, ಮುಟ್ಟಿದರೆ ಚರಚರ ಸದ್ದು ಮಾಡುವಂಥದು, ಕಾಮಿಕ್ಸ್ ಇಡಲು ಅದಕ್ಕಿಂತ ಒಳ್ಳೆಯದು ನನಗೆ ಈವರೆಗೆ ಸಿಕ್ಕಿಲ್ಲ. ಮಿಕ್ಕ ನಾಲ್ಕನ್ನೂ, ಕೆಲವಕ್ಕೆ ದುಡ್ಡು ಕೊಟ್ಟು, ಒಂದಕ್ಕೆ ಕಣ್ಣೀರನ್ನೂ ಕೊಟ್ಟು ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ನನ್ನ ಸಂಗ್ರಹ ಎಂಟುನೂರರ ಆಸುಪಾಸು. ಅರ್ಧ ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್, ಮಾಂತ್ರಿಕ ಮಾಂಡ್ರೇಕರ ಕಥೆಗಳವು. ಮಿಕ್ಕದ್ದು ಅಮರ ಚಿತ್ರಕಥೆ, ಟಿಂಕಲ್, ಒಂದಷ್ಟು ಅಮೆರಿಕದವು. 1964ರಲ್ಲಿ ಶುರುವಾದ ಇಂದ್ರಜಾಲ 1990ರಲ್ಲಿ ನಿಂತಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಆಮೇಲೆ ಸೇರಿದ್ದೆಲ್ಲ ಹಳೆಯ ಪುಸ್ತಕದ ಅಂಗಡಿಗಳಿಂದ, ಅದರಲ್ಲೂ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಿಂದ. ಪಿಯುಸಿ ಗೈಡುಗಳ ರಾಶಿಯ ಕೆಳಗೆ ಮೊಣಕೈವರೆಗೆ ತೂರಿಸಿ ಎಳೆದರೆ ಒಮ್ಮೊಮ್ಮೆ ಫ್ಯಾಂಟಮ್ ಸಿಗುತ್ತಿದ್ದ. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, ಅಂಗಡಿಗಳು ಚದುರಿದವು. ನನ್ನಲ್ಲಿರುವುದಕ್ಕೆ ಇನ್ನು ಬದಲಿ ಪ್ರತಿ ಸಿಗುವುದಿಲ್ಲ ಎಂಬ ದಿಗಿಲು ಹುಟ್ಟಿದ್ದು ಆಗ. ಆ ದಿಗಿಲಿನಲ್ಲೇ ತಪ್ಪು ಮಾಡಿದೆ.

ಅದಕ್ಕೂ ಮುಂಚೆ ಇದ್ದದ್ದು ಅಜ್ಜಿಯ ಕಬ್ಬಿಣದ ಟ್ರಂಕು, ನಾಲ್ಕು ನುಸಿಗುಳಿಗೆ. ಬೆಳಕು ಬೀಳುವುದಿಲ್ಲ ಎಂಬುದೊಂದು ಪುಣ್ಯ. ನ್ಯೂಸ್‌ಪ್ರಿಂಟಿನಂಥ ಕಾಗದದಲ್ಲಿ ಮರದ ಲಿಗ್ನಿನ್ ಉಳಿದುಕೊಂಡಿರುವುದರಿಂದ ಬಿಸಿಲು, ಗಾಳಿ ತಗುಲಿದಷ್ಟೂ ಹಳದಿಯಾಗುತ್ತದೆ. ಆದರೆ ಬೇಕಾದ ಸಂಚಿಕೆ ಯಾವತ್ತೂ ತಳದಲ್ಲೇ ಇರುತ್ತದೆ. ತಳದಲ್ಲಿರುವುದರ ಪಿನ್ನಿಗೆ ಯಾವತ್ತೂ ತುಕ್ಕು ಹಿಡಿದಿರುತ್ತದೆ.

ಬೈಂಡಿಂಗ್ ಮಾಡಿಸಿದವರು ನನ್ನ ಸೋದರಮಾವ. ವಾರಪತ್ರಿಕೆಯ ಧಾರಾವಾಹಿಗಳನ್ನು ಹರಿದು ಹೊಲಿಸುತ್ತಿದ್ದ ಕಾಲದವರು, ನನ್ನ ಇಪ್ಪತ್ತು ಅಮರ ಚಿತ್ರಕಥೆಗಳನ್ನೂ ಪ್ರೀತಿಯಿಂದಲೇ ಒಯ್ದು ಒಂದು ಸಂಪುಟ ಮಾಡಿಸಿ ತಂದರು. ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ಕೈ ಅದು. ಮೂವತ್ತು ವರ್ಷವಾದರೂ ಒಂದು ಹುಳು ಬಿದ್ದಿಲ್ಲ. ಆದರೆ ಅಂಚು ಸಮ ಮಾಡುವಾಗ ಮೂರು ಕಡೆಯೂ ಕತ್ತರಿ ಬಿದ್ದು, ಕೆಲವು ಮಾತಿನ ಗುಳ್ಳೆಗಳ ಕೊನೆಯ ಅಕ್ಷರ ಹೋಯಿತು. ಭೀಮ ಈಗಲೂ ‘ಎಲೈ ದುರುಳ’ ಎನ್ನಲಾರದೆ ‘ಎಲೈ ದುರು’ ಎಂದು ನಿಲ್ಲಿಸುತ್ತಾನೆ. ಸಂಗ್ರಾಹಕರ ಲೆಕ್ಕದಲ್ಲಿ ಆ ಸಂಪುಟಕ್ಕೆ ಕಾಸಿನ ಬೆಲೆ ಇಲ್ಲ. ಮನೆಯಲ್ಲಿ ಅತಿ ಹೆಚ್ಚು ಓದಿಸಿಕೊಂಡದ್ದು ಮಾತ್ರ ಅದೇ, ಹಾಗಾಗಿ ಮಾವನ ಮೇಲೆ ಸಿಟ್ಟು ಉಳಿದಿಲ್ಲ.

ಇನ್ನು ತಪ್ಪಿನ ವಿಷಯ. ಶಾಲೆಯ ಪುಸ್ತಕಕ್ಕೆ ಹಾಕುವ ಮೆದುವಾದ, ಗಾಜಿನಂತೆ ಹೊಳೆಯುವ ಕವರುಗಳನ್ನು ಒಂದು ಸ್ಟೇಷನರಿ ಅಂಗಡಿಯಿಂದ ಮುನ್ನೂರು ತಂದೆ. ಹಾಕಿದ ಕೂಡಲೇ ಮುಖಪುಟಗಳು ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳಂತೆ ಲಕ್ಷಣವಾಗಿ ಕಂಡವು. ಹೊಸ ಮಳೆಕೋಟಿನ ವಾಸನೆ ಬರುತ್ತಿತ್ತು, ಹೊಸತಲ್ಲವೇ ಎಂದುಕೊಂಡೆ. ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆ. ಮೂರು ಬೇಸಿಗೆ ಕಳೆಯಿತು.

ನಾಲ್ಕನೆಯ ವರ್ಷದ ಮೇ ತಿಂಗಳಲ್ಲಿ ನಾದಿನಿಯ ಮಗನಿಗೆ ತೋರಿಸೋಣವೆಂದು ಕನ್ನಡದ ಒಂದು ಮಾಂಡ್ರೇಕ್ ಇಳಿಸಿದೆ. ಕವರು ಒಳಗೆ ಬೆವರಿದಂತೆ ಅಂಟಂಟಾಗಿತ್ತು. ಎಳೆದರೆ ಬರಲಿಲ್ಲ. ಮೂಲೆ ಹಿಡಿದು ಮೆಲ್ಲಗೆ ಬಿಡಿಸಿದಾಗ ಹಲ್ಲಿ ಗೋಡೆಯಿಂದ ಕಾಲು ಕಿತ್ತಂಥ ಸಣ್ಣ ಸದ್ದು, ಅದರೊಂದಿಗೆ ಮಾಂತ್ರಿಕನ ಕರಿಯ ಟೊಪ್ಪಿಗೆ ಇಡಿಯಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಕಾಗದದ ಮೇಲೆ ಅವನ ತಲೆಯಿದ್ದಲ್ಲಿ ಬೂದು ಕಲೆ. ಹುಡುಗ ಅದನ್ನು ಜಾದೂವಿನ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟಿದ.

ಕಾರಣ ಆಮೇಲೆ ತಿಳಿಯಿತು. ಆ ಕವರು ಪಿವಿಸಿ. ಪಿವಿಸಿ ಹುಟ್ಟಾ ಗಡುಸು, ಮನೆಯ ನೀರಿನ ಪೈಪು ಅದರದೇ. ಅದನ್ನು ಮೆತ್ತಗಾಗಿಸಲು ಥ್ಯಾಲೇಟ್ ಎಂಬ ಎಣ್ಣೆಯಂಥ ವಸ್ತುವನ್ನು ಬೆರೆಸುತ್ತಾರೆ. ಅದು ಪ್ಲಾಸ್ಟಿಕ್ಕಿನೊಂದಿಗೆ ಬೆಸೆದುಕೊಳ್ಳುವುದಿಲ್ಲ. ಸೆಕೆಗೆ ಜಿನುಗಿ ಹೊರಬಂದು ಮುದ್ರಣದ ಶಾಯಿಯನ್ನು ಮೆತ್ತಗಾಗಿಸುತ್ತದೆ. ಸಾಲದ್ದಕ್ಕೆ ಹಳತಾದ ಪಿವಿಸಿ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಮೈಸೂರಿನ ಹವೆ ಕರಾವಳಿಯಂತಲ್ಲ ಎಂದು ನಾವು ಬೀಗುತ್ತೇವೆ, ಆದರೆ ಹೆಂಚಿನ ಕೆಳಗಿನ ಅಟ್ಟಕ್ಕೆ ಅದು ಗೊತ್ತಿಲ್ಲ.

ಬಿಡಿಸಲು ಪಟ್ಟ ಪಾಡು ಒಂದೆರಡಲ್ಲ. ಕೂದಲು ಒಣಗಿಸುವ ಯಂತ್ರ ಹಿಡಿದೆ, ಇನ್ನಷ್ಟು ಅಂಟಿತು. ಕೊನೆಗೆ ಒಂದೊಂದನ್ನೇ ಇನ್ನೊಂದು ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿ, ಅತ್ತೆಯವರು ಇಟ್ಟಿದ್ದ ಹಿತಕಿದ ಅವರೆಬೇಳೆಯ ಪಕ್ಕದಲ್ಲಿ, ಒಂದು ಗಂಟೆ ಇಟ್ಟು ತೆಗೆದರೆ ಪ್ಲಾಸ್ಟಿಕ್ಕು ಸೆಟೆದುಕೊಂಡು ಬೇಗ ಬಿಡುತ್ತಿತ್ತು. ‘ಈ ಮನೆಯಲ್ಲಿ ರದ್ದಿಗೂ ಫ್ರಿಜ್ಜೇ’ ಎಂದರು ಅತ್ತೆ. ಮುನ್ನೂರರಲ್ಲಿ ನಲವತ್ತೊಂದು ಹಾಳಾದವು. ಎಣಿಸಿ ಬರೆದಿಟ್ಟಿದ್ದೇನೆ.

ಇನ್ನೊಂದು ವರ್ಷ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆಂದು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. ವೇಷ ಹಾಕಿಕೊಂಡ ಹುಡುಗರ ನಡುವೆ ನಡುವಯಸ್ಸಿನ ಹೆಂಗಸೊಬ್ಬಳು ಸೀರೆಯುಟ್ಟು ಹಳೆಯ ಸಂಚಿಕೆಗಳ ಪೆಟ್ಟಿಗೆ ತಡಕುತ್ತಿದ್ದರೆ ಅದನ್ನೂ ವೇಷವೆಂದೇ ತಿಳಿಯುತ್ತಾರೆ. ಇಬ್ಬರು ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು. ಅಲ್ಲಿಂದ ವಿದೇಶಿ ಚೀಲ ಮತ್ತು ಆಮ್ಲರಹಿತ ರಟ್ಟಿನ ಒಂದು ಕಟ್ಟು ತಂದೆ. ಗುಣದಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ ಕಾಮಿಕ್ಸು ನಮ್ಮದಕ್ಕಿಂತ ಎತ್ತರ, ಅಗಲ ಕಡಿಮೆ. ಅಮರ ಚಿತ್ರಕಥೆ ಅದರೊಳಗೆ ಹೋಗುವುದೇ ಇಲ್ಲ, ತುರುಕಿದರೆ ಅಂಚು ಮಡಚುತ್ತದೆ. ಬೆಲೆಯನ್ನು ಎಂಟುನೂರರಿಂದ ಗುಣಿಸಿ ನೋಡಿ ಸುಮ್ಮನಾದೆ. ಈಗ ಅವುಗಳಲ್ಲಿ ಅಮೆರಿಕದವೇ ಇವೆ, ಅಷ್ಟೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಇನ್ನೂ ಮೇಲಿನದು. ಮಾರುವ ಉದ್ದೇಶ ಇರುವವರು ಅದನ್ನೇ ಕೊಳ್ಳಲಿ. ನಾನು ಕಾಫಿ ಕುಡಿಯುತ್ತ ಓದುವವಳು.

ಸಂತೇಪೇಟೆಯ ಕವರು ಪಾಲಿಪ್ರೊಪಿಲೀನ್, ಮೃದುಕಾರಿ ಬೆರೆಸಬೇಕಾಗಿಲ್ಲದ ಪ್ಲಾಸ್ಟಿಕ್ಕು. ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ, ಮನೆಗೆ ಬಂದು ಉಗುರಿನಷ್ಟು ಚೂರು ಕತ್ತರಿಸಿ ಲೋಟದ ನೀರಿನಲ್ಲಿ ಬೆರಳಿನಿಂದ ಒತ್ತಿ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೆ ಬರುತ್ತದೆ. ಪಿವಿಸಿ ತಳ ಸೇರುತ್ತದೆ. ಬಾಯಿಗೆ ಅಂಟುಪಟ್ಟಿ ಇರುವುದು ಬೇಡ: ಪುಸ್ತಕ ಹೊರಗೆಳೆಯುವಾಗ ಆ ಅಂಟು ಮುಖಪುಟಕ್ಕೆ ತಾಗಿಯೇ ತಾಗುತ್ತದೆ. ಪಟ್ಟಿಯಿಲ್ಲದ್ದು ಕೇಳಿ ತಂದು, ಬಾಯಿ ತೆರೆದೇ ಬಿಟ್ಟು, ಷೂ ಡಬ್ಬಿಯಲ್ಲಿ ನಿಲ್ಲಿಸಿ, ಬೀರುವಿನ ನಡುಖಾನೆಯಲ್ಲಿ ಇಡುತ್ತೇನೆ. ಬೂದು ರಟ್ಟಿನ ಬದಲು ಹಿಂದೆ ಎರಡು ಬಿಳಿ ಜೆರಾಕ್ಸ್ ಹಾಳೆ. ಆರು ವರ್ಷವಾಯಿತು, ಒಂದೂ ಅಂಟಿಲ್ಲ.

ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರಲ್ಲ, ನೀವೂ ಹಾಗೇ ಮಾಡಬಹುದಲ್ಲ ಎಂದು ಭಾವ ಸಲಹೆ ಕೊಟ್ಟರು. ಅಲ್ಲಿರುವ ಅರ್ಥಶಾಸ್ತ್ರದ ತಾಳೆಗರಿಗೆ ಒಗ್ಗುವುದು ನ್ಯೂಸ್‌ಪ್ರಿಂಟಿಗೆ ಒಗ್ಗದು. ಬಜ್ಜಿ ಕಟ್ಟಿದ ಕಾಗದವಾಗುತ್ತದೆ. ಸಿನಿಮಾ ಪೋಸ್ಟರುಗಳನ್ನು ಪ್ಲಂಬರ್ ಪೈಪಿನಲ್ಲಿ ಸುರುಳಿ ಸುತ್ತಿ ಇಟ್ಟಿದ್ದೆ, ಅದೂ ಪಿವಿಸಿ ಎಂದು ಹೊಳೆದ ರಾತ್ರಿಯೇ ಎದ್ದು ಹೊರತೆಗೆದೆ.

ಹೋದ ತಿಂಗಳು ಮತ್ತೆ ಇನ್ನೂರು ಕವರು ತಂದೆ. ಅಂಗಡಿಯ ಯಜಮಾನರು ನಾನು ಮನೆಯಲ್ಲಿ ನೈಟಿ ವ್ಯಾಪಾರ ಮಾಡುತ್ತೇನೆ ಎಂದುಕೊಂಡಿದ್ದಾರೆ. ‘ಹಬ್ಬದ ವ್ಯಾಪಾರ ಹೇಗಮ್ಮಾ?’ ಎಂದು ಕೇಳಿದರು. ‘ಪರವಾಗಿಲ್ಲ’ ಎಂದೆ. ಸಗಟು ದರ ಹಾಕಿಕೊಟ್ಟರು.